ಭಾವನ ಕಾರಿನಲ್ಲಿ ಹಾಡು ಹಚ್ಚುವುದು

ಕಾರು ಕೊಂಡು ಅದಕ್ಕೊಂದು ಸ್ಟೀರಿಯೋ ಹಾಕಿಸಿಕೊಳ್ಳುವವರು ಜಗತ್ತಿನ ತುಂಬ ಇದ್ದಾರೆ. ಸ್ಟೀರಿಯೋಗೆ ಬಿಸಿಲು ತಾಗದಿರಲಿ ಎಂದು ಅದರ ಸುತ್ತ ಒಂದು ಕಾರು ಇಟ್ಟುಕೊಂಡಿರುವವರು ನನಗೆ ಗೊತ್ತಿರುವ ಮಟ್ಟಿಗೆ ಒಬ್ಬರೇ. ಅವರು ನನ್ನ ಅಕ್ಕನ ಗಂಡ, ನನ್ನ ಭಾವ. ಇದಕ್ಕಿಂತ ದೊಡ್ಡ ತಮಾಷೆಯೆಂದರೆ ಈ ಮಹಾನುಭಾವರಿಗೆ ಸಂಗೀತದ ಗಂಧವೇ ಇಲ್ಲ! ರಾಗ, ತಾಳ ಹಾಗಿರಲಿ, ಹಾಡಿನ ನಡುವೆ ಕೊಳಲು ಬಂದರೆ ಹಾಡು ಮುಗಿದೇ ಹೋಯಿತೆಂದು ತಿಳಿದು "ಮುಂದಿಂದು ಹಚ್ಚು" ಎನ್ನುವ ಮನುಷ್ಯ. ಇಂಥವರ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಷ್ಟು ವೈರುಗಳು ಜೋತಾಡುತ್ತಿದ್ದವೆಂದರೆ, ನೋಡಿದಾಗಲೆಲ್ಲ ನನಗೆ ನಮ್ಮಜ್ಜಿಯ ಹೊಲಿಗೆ ಡಬ್ಬಿ ನೆನಪಾಗುತ್ತಿತ್ತು.

ಭಾವ ಕಲಬುರಗಿ ಕಡೆಯವರು. ಹೈದರಾಬಾದಿನ ಒಂದು ರಕ್ಷಣಾ ಕಾರ್ಖಾನೆಯಲ್ಲಿ ಕೆಲಸ. ಏನು ಕೆಲಸ ಎಂದು ಕೇಳಿದರೆ "ಅದನ್ನ ಹೇಳಂಗಿಲ್ಲ" ಎಂದು ಗಂಭೀರವಾಗುತ್ತಾರೆ. ಅವರು ಕಾರಿಗೆ ಮಾಡಿದ ವೈರಿಂಗ್ ನೋಡಿದ ಮೇಲೆ ನಾನೂ ಕೇಳುವುದನ್ನು ಬಿಟ್ಟೆ. ದೇಶದ ಭದ್ರತೆಯ ಬಗ್ಗೆ ನೆಮ್ಮದಿಯಿಂದ ಇರಬೇಕಲ್ಲ! ನಾವು ಮೈಸೂರಿನವರು. ಅಕ್ಕ ಮದುವೆಯಾಗಿ ಕೂಕಟ್‌ಪಲ್ಲಿಯ ಫ್ಲ್ಯಾಟಿಗೆ ಬಂದು ಕೆಲವು ವರ್ಷಗಳಾಗಿದ್ದವು. ಆಗ ಹೈದರಾಬಾದಿನಲ್ಲಿ ಬಂಡೆ ಒಡೆದಲ್ಲೆಲ್ಲ ಒಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಆ ಗಾಜುಗಳಲ್ಲೊಂದರ ಹಿಂದೆ ನನಗೂ ಕುರ್ಚಿ ಸಿಕ್ಕಿತು. ಬಟ್ಟೆಬರೆ ಕಟ್ಟಿಕೊಂಡು ಬಂದು ಅಕ್ಕನ ಮನೆಯ ಒಂದು ಕೋಣೆಯಲ್ಲಿ ಬಿದ್ದುಕೊಂಡೆ.

ಹೈದರಾಬಾದಿಗೆ ಬಂದ ಹೊಸದರಲ್ಲಿ ನನ್ನನ್ನು ಕಾಡಿದ್ದು ತೆಲುಗಲ್ಲ, ಹಿಂದಿಯಲ್ಲ. ಭಾವನ ಕನ್ನಡ! ಅದರಲ್ಲೂ ಒಂದೇ ಒಂದು ಶಬ್ದ: ಹಚ್ಚು. ಮೈಸೂರಿನಲ್ಲಿ ನಾವು ದೀಪ ಹಚ್ಚುತ್ತೇವೆ, ಬಣ್ಣ ಹಚ್ಚುತ್ತೇವೆ, ಹುಳಿಗೆ ತರಕಾರಿ ಹಚ್ಚುತ್ತೇವೆ. ಅಲ್ಲಿಗೆ ನಮ್ಮ ಹಚ್ಚುವ ಕಾರ್ಯಕ್ರಮ ಮುಗಿಯಿತು. ಭಾವ ಹಚ್ಚದೆ ಬಿಟ್ಟ ವಸ್ತುವೇ ಇಲ್ಲ! ಫ್ಯಾನು ಹಚ್ಚುತ್ತಾರೆ, ಫೋನು ಹಚ್ಚುತ್ತಾರೆ, ಹುಡುಗರನ್ನು ಸಾಲಿಗೆ, ಅಂದರೆ ಶಾಲೆಗೆ, ಹಚ್ಚುತ್ತಾರೆ, ಗಾಡಿಯನ್ನು ತಂದು ಗ್ವಾಡಿಗೆ ಹಚ್ಚುತ್ತಾರೆ. ನಾನು ಬಂದ ದಿನ "ತಮ್ಮಾ, ಆ ಬಾಗಿಲಾ ಹಚ್ಚು" ಎಂದಾಗ ನಾನು ಕಂಗಾಲಾಗಿ ಅಕ್ಕನ ಮುಖ ನೋಡಿದೆ. ಸ್ವಂತ ಫ್ಲ್ಯಾಟು, ಒಳ್ಳೆಯ ಬಾಗಿಲು, ಬೆಂಕಿ ಹಚ್ಚಲು ಇವರಿಗೇನು ಬಂತು?

"ಮುಚ್ಚು ಅಂತ ಕಣೋ ದಡ್ಡ," ಎಂದಳು ಅಕ್ಕ. ಅವಳು ಅಷ್ಟು ಹೊತ್ತಿಗಾಗಲೇ ಈ ಶಬ್ದದಲ್ಲಿ ಪಂಡಿತಳಾಗಿದ್ದಳು. ಆದರೆ ಎಂಥ ಪಂಡಿತರೂ ಒಂದು ದಿನ ಎಡವುತ್ತಾರೆ. ಅವಳು ಎಡವಿದ್ದೂ ಇದೇ ಶಬ್ದದ ಮೇಲೆಯೇ.

ಅಕ್ಕನಿಗೆ ಸದಾ ಏನಾದರೊಂದು ಗುನುಗುವ ಅಭ್ಯಾಸ. ಕಲಿತ ಸಂಗೀತವಲ್ಲ, ಅಮ್ಮನ ಬಾಯಿಂದ ಬಂದದ್ದು. ಸೊಪ್ಪು ಬಿಡಿಸುವಾಗ, ಬಟ್ಟೆ ಮಡಚುವಾಗ, ಅದಕ್ಕಿಂತ ಹೆಚ್ಚಾಗಿ ಕಾರಿನಲ್ಲಿ ಭಾವನ ಪಕ್ಕದಲ್ಲಿ ಕೂತಾಗ. ಕಾರು ಗೇಟು ದಾಟುವಷ್ಟರಲ್ಲಿ ಅವಳ ಪಲ್ಲವಿ ಮುಗಿದಿರುತ್ತಿತ್ತು. ಭಾವ ಡ್ರೈವಿಂಗ್ ಕಲಿತದ್ದು ತಡವಾಗಿ, ಅದೂ ಸೆಕೆಂಡ್‌ಹ್ಯಾಂಡ್ ಕಾರಿನಲ್ಲಿ. ಕೂಕಟ್‌ಪಲ್ಲಿಯ ರಸ್ತೆಯಲ್ಲಿ ಎಡಗಡೆಯಿಂದ ಆಟೋ, ಬಲಗಡೆಯಿಂದ ಬಸ್ಸು, ಎದುರಿಗೆ ತಪ್ಪು ದಾರಿಯಲ್ಲಿ ಬೈಕು ಬರುವಾಗ ಅವರು ಸ್ಟೀರಿಂಗನ್ನು ಹಿಡಿಯುತ್ತಿದ್ದ ರೀತಿ ನೋಡಿದರೆ, ಕಾರು ಅವರನ್ನು ಬಿಟ್ಟು ಓಡಿಹೋಗುತ್ತದೆಂಬ ಅನುಮಾನವಿದ್ದಂತೆ ಕಾಣುತ್ತಿತ್ತು. ಪಕ್ಕದಲ್ಲಿ ಅಕ್ಕ ಮಾತ್ರ ಹಾಯಾಗಿ ಹಾಡಿಕೊಂಡಿರುತ್ತಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಮೂವರೂ ಲಿಂಗಂಪಲ್ಲಿಯ ಕಡೆಯಿಂದ ತರಕಾರಿ ತೆಗೆದುಕೊಂಡು ಬಂದೆವು. ನಾನು ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೊಂದು ಕಲ್ಲಂಗಡಿ. ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಭಾವನ ಕಾರಿಗೆ ಸಿಕ್ಕ ಜಾಗದ ಒಂದು ಕಡೆ ಕಂಬ, ಇನ್ನೊಂದು ಕಡೆ ಸೊಸೈಟಿ ಸೆಕ್ರೆಟರಿಯ ಹೊಸ ಕಾರು. ಕಂಬಕ್ಕೆ ತಾಗಿದರೆ ನಮ್ಮ ಕಾರಿಗೆ ಪೆಟ್ಟು, ಸೆಕ್ರೆಟರಿಗೆ ತಾಗಿದರೆ ನಮಗೆ ಪೆಟ್ಟು. ಭಾವ ರಿವರ್ಸ್ ಹಾಕಿ, ಕುತ್ತಿಗೆ ಹಿಂದಕ್ಕೆ ತಿರುಗಿಸಿ, ಉಸಿರು ಬಿಗಿಹಿಡಿದು ಇಂಚಿಂಚಾಗಿ ಬರುತ್ತಿದ್ದರು. ಅಕ್ಕ ತನ್ನ ಪಾಡಿಗೆ ತಾನು ಹಾಡುತ್ತಿದ್ದಳು. ಇದ್ದಕ್ಕಿದ್ದಂತೆ ಭಾವ ಕಿರುಚಿದರು:

"ಏನ್ ಹಚ್ಚೀದಿ ಅದನ್ನ! ಬಂದ್ ಮಾಡು ಮೊದಲ! ಕಂಬ ಕಾಣವಲ್ದು!"

ಹಾಡಿಗೂ ಕಂಬಕ್ಕೂ ಏನು ಸಂಬಂಧ ಎಂದು ಕೇಳಬೇಡಿ. ಗಾಡಿ ಹಿಂದಕ್ಕೆ ತೆಗೆಯುವಾಗ ಕಿವಿಗೆ ಏನೂ ಬೀಳದಿದ್ದರೆ ಮಾತ್ರ ಕಣ್ಣು ಕಾಣುವುದು ನಮ್ಮ ಗಂಡಸರಿಗೆಲ್ಲ ಇರುವ ಕಾಯಿಲೆ! ಅಕ್ಕ ಬಾಯಿ ಮುಚ್ಚಿದಳು. ಕಾರು ಕಂಬಕ್ಕೂ ಸೆಕ್ರೆಟರಿಗೂ ನಡುವೆ ನೆಟ್ಟಗೆ ಹೋಗಿ ನಿಂತಿತು. ಭಾವ ಹಣೆಯ ಬೆವರು ಒರೆಸಿಕೊಂಡು, ಗೆದ್ದವರ ಹಾಗೆ ಹೇಳಿದರು, "ನೋಡ್ರಿ, ಟೇಪ್ ಬಂದ್ ಆದ ಕೂಡ್ಲೇ ಗಾಡಿ ಹೆಂಗ ಸೀದಾ ಕುಂತಿತು!"

"ಟೇಪ್ ಹಾಕಿರಲಿಲ್ಲ," ಎಂದಳು ಅಕ್ಕ.

"ಮತ್ತ ಹಾಡಾಕತ್ತಿದ್ದು ಯಾರು?"

ಅಕ್ಕ ತರಕಾರಿ ಚೀಲ ಎತ್ತಿಕೊಂಡು ಇಳಿದು ಲಿಫ್ಟಿನ ಕಡೆ ಹೋದಳು. ಉತ್ತರ ಕೊಡುವ ಕೆಲಸ ಕಲ್ಲಂಗಡಿ ಹೊತ್ತ ನನ್ನ ಪಾಲಿಗೆ ಬಂತು. "ಅಕ್ಕ," ಎಂದೆ. ಭಾವನ ಮುಖ ಆಗ ಹೇಗಾಯಿತೆಂದರೆ, ಕಂಬಕ್ಕೆ ಗುದ್ದಿದ್ದರೇ ಚೆನ್ನಾಗಿತ್ತು ಅನ್ನುವ ಹಾಗಾಯಿತು.

ಆಮೇಲೆ ಮನೆಯಲ್ಲಿ ನಡೆದದ್ದು ಜಗಳವಲ್ಲ, ವ್ಯಾಕರಣ! ಭಾವನ ಊರಿನ ಕಡೆ 'ಏನ್ ಹಚ್ಚೀದಿ' ಎಂದರೆ 'ಏನನ್ನು ಹಾಕಿದ್ದೀಯ' ಎಂದೂ ಆಗುತ್ತದೆ, 'ಏನಿದು ನಿನ್ನ ರಗಳೆ' ಎಂದೂ ಆಗುತ್ತದೆ. ಭಾವ ಹೇಳಿದ್ದು ಮೊದಲನೆಯದು, ಅಕ್ಕ ಕೇಳಿಸಿಕೊಂಡದ್ದು ಎರಡನೆಯದು. ನಡುವೆ ನ್ಯಾಯಾಧೀಶನಾಗಿ ನಾನು, ಕಲ್ಲಂಗಡಿ ಕೊಯ್ಯುತ್ತ.

"ನಾ ಡಬ್ಬಿಗೆ ಅಂದೀನಿ, ನಿನಗ ಅಂದಿಲ್ಲ," ಎಂದರು ಭಾವ. "ನಿನ್ನ ಹಾಡು ಅಸಲಿ ರೆಕಾರ್ಡ್ ಹಂಗ ಇತ್ತು. ಅದಕ್ಕ ನಾ ಮೋಸ ಹೋದೆ. ಇದು ತಾರೀಫ್ ಅಲ್ಲೇನು?"

"ಹೊಗಳೋರು ಬಂದ್ ಮಾಡು ಅಂತಾರಾ?" ಎಂದಳು ಅಕ್ಕ. ನ್ಯಾಯಾಧೀಶ ಕಲ್ಲಂಗಡಿಯ ಹೋಳು ಹಂಚಿ ಕಲಾಪ ಮುಂದೂಡಿದ.

ಮುಂದಿನ ಭಾನುವಾರ ಅಕ್ಕ ನೇರ ಹೋಗಿ ಹಿಂದಿನ ಸೀಟಿನಲ್ಲಿ ಕೂತಳು. ನನಗೆ ಮುಂದಕ್ಕೆ ಬಡ್ತಿ ಸಿಕ್ಕಿತು. ಮುನಿಸು ಅಂತ ಹೇಳುವ ಹಾಗಿರಲಿಲ್ಲ. ಮನೆಯಲ್ಲಿ ಎಂದಿನ ಹಾಗೆ ಇದ್ದಳು. ಭಾವನಿಗೆ ಬಿಸಿ ರೊಟ್ಟಿ, ಮೇಲೆ ಬೆಣ್ಣೆ, ಗುನುಗುವುದೂ ಎಲ್ಲ ಎಂದಿನ ಹಾಗೆಯೇ. ಕಾರಿನೊಳಗೆ ಮಾತ್ರ ಒಂದು ಸ್ವರವಿಲ್ಲ. ಕಿಟಕಿಯ ಹೊರಗೆ ನೋಡುತ್ತ ಕೂತರೆ ಇಳಿಯುವವರೆಗೂ ಹಾಗೆಯೇ. ಅಕ್ಕ ಹಟ ಹಿಡಿದರೆ ಹೇಗಿರುತ್ತದೆಂದು ಚಿಕ್ಕಂದಿನಿಂದ ಬಲ್ಲ ನನಗೆ ಭಾವನ ಮೇಲೆ ಮರುಕ ಹುಟ್ಟಿತು.

ಕೆಲವು ವಾರ ಹೀಗೇ ನಡೆಯಿತು. ಒಂದು ಬೆಳಿಗ್ಗೆ ನನ್ನನ್ನು ಆಫೀಸಿಗೆ ಬಿಡಲು ಹೊರಟ ಭಾವ ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸಿ, ಎರಡೂ ಕೈ ಮುಂದೆ ಚಾಚಿದರು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು.

"ತಮ್ಮಾ, ಯಾರ ಮುಂದೂ ಅನ್ನಬ್ಯಾಡ. ನನಗ ಗಾಡಿ ಅಂದ್ರ ಭಾಳ ಅಂಜಿಕಿ. ಮೊದಲಿಂದೂ ಐತಿ. ಆಕಿ ಬಾಜೂಕ ಕುಂತು ಹಾಡತಿದ್ಲಲ್ಲಾ, ಅವಾಗ ಈ ಕೈ ಸುಮ್ಮನಿರತಿದ್ವು."

"ಯಾವ ಹಾಡು ಹಾಡಿದರೆ?"

"ಯಾವದಂತ ನನಗೇನು ತಿಳೀತೈತಿ! ನಡದೈತಿ ಅನ್ನೂದು ಗೊತ್ತಾಗತಿತ್ತು. ಅಷ್ಟ ಸಾಕಿತ್ತು."

"ಹಾಗಾದರೆ ತಪ್ಪಾಯಿತು ಅಂತ ಹೇಳಿಬಿಡಿ ಭಾವ."

"ಹೇಳೀನಿ. 'ಇರಲಿ ಬಿಡಿ' ಅಂದ್ಲು. ನಿಮ್ಮ ಮೈಸೂರಾಗ 'ಇರಲಿ ಬಿಡಿ' ಅಂದ್ರ ಏನು ಅರ್ಥ?"

ನನಗೆ ಗೊತ್ತಿತ್ತು, ಹೇಳಲು ಬಾಯಿ ಬರಲಿಲ್ಲ. ನಮ್ಮಲ್ಲಿ 'ಇರಲಿ ಬಿಡಿ' ಎಂದರೆ ಇರಲೂಬಾರದು, ಬಿಡಲೂಬಾರದು, ಬದುಕಿರುವವರೆಗೆ ನೆನಪಿಟ್ಟುಕೊಂಡಿರಬೇಕು ಎಂದು ಅರ್ಥ! ಒಂದು 'ಹಚ್ಚು' ನಮ್ಮವರಿಗೆ ತಿಳಿಯಲಿಲ್ಲ, ಒಂದು 'ಇರಲಿ ಬಿಡಿ' ಅವರಿಗೆ ತಿಳಿಯಲಿಲ್ಲ. ಕರ್ನಾಟಕದ ಏಕೀಕರಣ ಇನ್ನೂ ಬಾಕಿ ಇದೆ ಅನ್ನಿಸಿತು.

ಆದರೆ ಭಾವ ಕೈಕಟ್ಟಿ ಕೂರುವವರಲ್ಲ. ಅಕ್ಕನನ್ನು ಮತ್ತೆ ಕಾರಿನಲ್ಲಿ ಹಾಡಿಸಲು ಅವರೊಂದು ಸಿದ್ಧಾಂತ ಮಾಡಿಕೊಂಡಿದ್ದರು. "ಗಾಡಿಯೊಳಗ ಹಾಡಿನ ಹವಾ ಬರಬೇಕು. ಹಾಡು ಕೇಳತಿದ್ರ ಹಾಡೋರ ಬಾಯಿ ಸುಮ್ಮನ ಕೂಡಂಗಿಲ್ಲ. ಒಂದು ಕೋಳಿ ಕೂಗಿದ್ರ ಬಾಜೂದ್ದೂ ಕೂಗ್ತೈತಿ, ನೋಡಿಲ್ಲೇನು?" ಈ ಕೋಳಿಯ ಭಾಗವನ್ನು ದಯವಿಟ್ಟು ಅಕ್ಕನ ಮುಂದೆ ಹೇಳಬೇಡಿ ಎಂದು ನಾನು ಕೈಮುಗಿದೆ. "ನಾನು ಸಾಫ್ಟ್‌ವೇರಿನವನು, ಏನಾದರೂ ಸಹಾಯ ಬೇಕಾ?" ಎಂದು ಕೇಳಿದ್ದಕ್ಕೆ, "ಇದು ಹಾರ್ಡ್‌ವೇರ್ ಐತಿ, ನೀ ದೂರ ಇರು" ಎಂದರು. ಅಲ್ಲಿಂದ ಶುರುವಾಯಿತು.

ಮೊದಲು ಬಂದದ್ದು ಸಿಗರೇಟು ಹೊತ್ತಿಸುವ ತೂತಿಗೆ ಸಿಕ್ಕಿಸುವ ಒಂದು ಗಿಡ್ಡ ಯಂತ್ರ. ಅದರ ಬಾಲವನ್ನು ಮೊಬೈಲಿಗೆ ಚುಚ್ಚಿದರೆ ಮೊಬೈಲಿನ ಹಾಡು ಕಾರಿನ ರೇಡಿಯೋದಲ್ಲಿ ಬರುತ್ತದೆ. ಅಂದರೆ ಕಾರಿನೊಳಗೇ ಒಂದು ಪುಟ್ಟ ಆಕಾಶವಾಣಿ! ಭಾವ ಮೊಬೈಲ್ ಅಂಗಡಿಗೆ ಹೋಗಿ "ಹೆಣ್ಣುಮಕ್ಕಳು ಹಾಡೂವಂಥಾವು ಎಲ್ಲಾ ತುಂಬು" ಎಂದು ಕಾರ್ಡು ತುಂಬಿಸಿಕೊಂಡು ಬಂದಿದ್ದರು. ಅಂಗಡಿಯವನು ಸಿಕ್ಕಿದ್ದನ್ನೆಲ್ಲ ತುಂಬಿದ್ದ. ಜೋಗುಳದ ಹಿಂದೆ ಮದುವೆಯ ಬ್ಯಾಂಡು, ಬ್ಯಾಂಡಿನ ಹಿಂದೆ ತೆಲುಗು ಸುಪ್ರಭಾತ. ಮಗು ಮಲಗಿತು, ಮದುವೆಯಾಯಿತು, ಎದ್ದಿತು! ಹಿಂದಿನ ಸೀಟಿನಿಂದ ಸ್ವರ ಬರಲಿಲ್ಲ.

ಅಷ್ಟರಲ್ಲಿ ಟ್ರಾಫಿಕ್ಕು ನಿಂತಿತು. ಭಾವ ವಾಲ್ಯೂಮು ಏರಿಸಿದರು. ಸ್ವಲ್ಪ ಹೊತ್ತಿಗೆ ಪಕ್ಕದ ಕಾರಿನ ಯಜಮಾನರು ತಮ್ಮ ರೇಡಿಯೋಗೆ ಬಡಿಯತೊಡಗಿದರು. ಬಡಿದರು, ತಿರುಚಿದರು, ಮತ್ತೆ ಬಡಿದರು. ಕಿಟಕಿ ಇಳಿಸಿದಾಗ ನಮಗೆ ಕೇಳಿಸಿತು. ಅವರ ಕಾರಿನಲ್ಲೂ ನಮ್ಮದೇ ಜೋಗುಳ! ಇಬ್ಬರದೂ ರೇಡಿಯೋ ಒಂದೇ ಕಡೆ ನಿಂತಿತ್ತು, ನಮ್ಮ ಆಕಾಶವಾಣಿ ಗಡಿ ದಾಟಿತ್ತು. ಭಾವನಿಗೆ ಹೆಮ್ಮೆ ತಡೆಯಲಾಗಲಿಲ್ಲ. "ಭಾಯಿಸಾಬ್, ವೋ ಹಮಾರಾ ಗಾನಾ ಹೈ!" ಎಂದು ಕೂಗಿದರು.

"ತೋ ತುಮೀಚ್ ಸುನೋ ನಾ ಮಿಯಾ, ಹಮ್ಕು ಕೈಕು ಸುನಾರೈ?" ಎಂದರು ಅವರು. ನಿಮ್ಮದಾದರೆ ನೀವೇ ಕೇಳಿ, ನಮಗೇಕೆ ಕೇಳಿಸುತ್ತೀರಿ ಎಂಬ ಆ ಪ್ರಶ್ನೆಯಲ್ಲಿ ತೂಕವಿತ್ತು. ಭಾವ ಕಿಟಕಿ ಏರಿಸಿದರು. ಕನ್ನಡಿಯಲ್ಲಿ ನೋಡಿದೆ. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ನಕ್ಕಳು, ನಿಜ. ಆದರೆ ನಗುವುದು ಬೇರೆ, ಹಾಡುವುದು ಬೇರೆ.

ಆ ಯಂತ್ರದ ಕಾಲ ಮುಗಿದ ಮೇಲೆ ಮೊಬೈಲಿನಿಂದ ಸ್ಟೀರಿಯೋಗೆ ನೇರ ಹೋಗುವ ವೈರು ಬಂತು. ವೈರಿನ ಜೊತೆಗೆ ಭಾವನಿಗೆ ಹೊಸ ಉಪಾಯವೂ ಬಂತು. ಒಂದು ಭಾನುವಾರ ಕಾರು ಹೊರಟ ಕೂಡಲೇ ಅವರು ನನ್ನ ಕಡೆ ಕಣ್ಣು ಮಿಟುಕಿಸಿ, "ತಮ್ಮಾ, ಹಚ್ಚು" ಎಂದರು. ಹಚ್ಚಿದೆ. ಸ್ಪೀಕರಿನಿಂದ ಬಂದದ್ದು ಅಕ್ಕನದೇ ಧ್ವನಿ! ಮಹಾಶಯರು ಅಡುಗೆಮನೆಯ ಡಬ್ಬಿಗಳ ಹಿಂದೆ ಮೊಬೈಲ್ ಬಚ್ಚಿಟ್ಟು ಅವಳ ಗುನುಗನ್ನು ರೆಕಾರ್ಡ್ ಮಾಡಿದ್ದರು. ನಿಜ ಹೇಳಬೇಕೆಂದರೆ ಮೊದಲ ಸಾಲು ಬಹಳ ಚೆನ್ನಾಗಿತ್ತು. ಎರಡನೆಯ ಸಾಲಿಗೆ ಕುಕ್ಕರು ಕೂಗಿತು. ಮೂರನೆಯ ಸಾಲಿನಲ್ಲಿ ಅಕ್ಕ ಹಾಲಿನವನಿಗೆ ತೆಲುಗಿನಲ್ಲಿ, ಇದು ಹಾಲೋ ಕೆರೆಯ ನೀರೋ ಎಂದು ದಬಾಯಿಸಿದಳು. ಅದಾದ ಮೇಲೆ ತನಗೆ ತಾನೇ ಹೇಳಿಕೊಂಡ ಒಂದು ಮಾತು ಕಾರಿನ ನಾಲ್ಕೂ ಮೂಲೆಯಿಂದ ಸ್ಪಷ್ಟವಾಗಿ ಮೊಳಗಿತು: "ಈ ಮನುಷ್ಯನ ಒದ್ದೆ ಟವಲ್ ಮತ್ತೆ ಹಾಸಿಗೆ ಮೇಲೆ! ಇವರಮ್ಮ ಏನು ಕಲಿಸಿದರೋ!"

"ಅಡುಗೆಮನೆಯಲ್ಲೂ ಇನ್ನು ಬಾಯಿ ಮುಚ್ಚಿಕೊಂಡೇ ಇರಬೇಕೇನೋ," ಎಂದಳು ಅಕ್ಕ. ಭಾವನ ಮುಖದ ಬಣ್ಣವೇ ಹೋಯಿತು. ಕಾರಿನ ಹಾಡು ತರಲು ಹೋಗಿ ಮನೆಯ ಹಾಡನ್ನೂ ಕಳೆದುಕೊಳ್ಳುವ ಹಾಗಾಗಿತ್ತು. ಅಂದು ಸಂಜೆ ಅವರು ಅಕ್ಕನ ಕಣ್ಣೆದುರಿಗೇ ಅದನ್ನು ಅಳಿಸಿ, ಒದ್ದೆ ಟವಲನ್ನು ಬಾಲ್ಕನಿಯ ತಂತಿಗೆ ನೇತುಹಾಕಿದರು. ಅಷ್ಟರ ಮಟ್ಟಿಗೆ ತಂತ್ರಜ್ಞಾನದಿಂದ ಸಂಸಾರಕ್ಕೆ ಲಾಭವಾಯಿತು.

ಮುಂದೆ ಬ್ಲೂಟೂತ್ ಬಂತು. ವೈರು ಬೇಡ, ಬಾಲ ಬೇಡ, ಗಾಳಿಯಲ್ಲೇ ಹಾಡು! ಹೊಸ ಸ್ಟೀರಿಯೋದೊಳಗೆ ಒಬ್ಬ ಹೆಂಗಸು ಕೂತು ಇಂಗ್ಲಿಷಿನಲ್ಲಿ "ಕನೆಕ್ಟೆಡ್" ಎನ್ನುತ್ತಿದ್ದಳು. ಭಾವ ಪ್ರತಿಸಲವೂ ಅವಳಿಗೆ "ಹೌದ್ರಿ" ಎನ್ನುತ್ತಿದ್ದರು. ಈ ಡಬ್ಬಿಯ ದೊಡ್ಡ ಗುಣವೆಂದರೆ ಹಾಡನ್ನು ಮಾತ್ರವಲ್ಲ, ಬರುವ ಫೋನನ್ನೂ ಅದು ಊರಿಗೆಲ್ಲ ಕೇಳಿಸುತ್ತಿತ್ತು. ಒಮ್ಮೆ ನನ್ನ ಮೊಬೈಲ್ ಅದಕ್ಕೆ ಅಂಟಿಕೊಂಡಿದ್ದಾಗ ನಮ್ಮ ಮ್ಯಾನೇಜರ್ ಭಾನುವಾರವೇ ಫೋನ್ ಮಾಡಿದ. ನಾನು ಬಾಯಿ ತೆರೆಯುವ ಮೊದಲೇ ಭಾವ ಸ್ಟೀರಿಯೋದ ಕಡೆ ಬಾಗಿ, "ನಮಸ್ಕಾರ್ರಿ ಸಾಹೇಬ್ರ, ಈ ಹುಡುಗಗ ರವಿವಾರನೂ ಕೆಲಸಕ್ಕ ಹಚ್ಚತೀರೇನ್ರಿ?" ಎಂದರು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಆ ಪುಣ್ಯಾತ್ಮ ಗಾಬರಿಯಾಗಿ ಫೋನ್ ಇಟ್ಟ. ಸೋಮವಾರ ನನ್ನನ್ನು ಕರೆದು, "ನಿಮ್ಮ ಮನೆಯಲ್ಲಿ ಎಲ್ಲ ಸರಿ ಇದೆ ತಾನೆ? ಯಾರೋ ಏನನ್ನೋ ಹಚ್ಚಿಬಿಡ್ತೀನಿ ಅಂತಿದ್ದರು," ಎಂದು ಕೇಳಿದ!

ಆದರೆ ಬ್ಲೂಟೂತಿನ ನಿಜವಾದ ಮಹಿಮೆ ಕಂಡದ್ದು ಭಾವನ ತಂಗಿ ಕಲಬುರಗಿಯಿಂದ ಫೋನ್ ಮಾಡಿದ ದಿನ. ಅಕ್ಕ ಹಿಂದೆ ಕೂತಿದ್ದಳು. ಭಾವ ಅಭ್ಯಾಸ ಬಲದಿಂದ ಗುಂಡಿ ಒತ್ತಿದರು.

"ಅಣ್ಣಾ, ವೈನಿ ಇನ್ನೂ ಸಿಟ್ಟಿಲೇ ಅದಾಳೇನು?" ಎಂದು ಇಡೀ ಕಾರು ಅತ್ತಿಗೆಯ ವಿಚಾರ ಕೇಳಿತು. "ನಿಂದೂ ಏನು ಹಣೆಬರಾನೋ! ಊರಾಗ ಹುಲಿ ಹಂಗ ಇದ್ದಿ. ಈಗ ಆಕಿ ಹಾಡಲಿ ಅಂತ ಡಬ್ಬಿ ಮ್ಯಾಲೆ ಡಬ್ಬಿ ತರಾಕತ್ತೀಯಂತ? ಇಷ್ಟು ಅಂಜಿದ್ರ ಹೆಂಗ?"

ಭಾವ ಸ್ಟೀರಿಯೋದ ಎಲ್ಲ ಗುಂಡಿಗಳನ್ನೂ ಒತ್ತಿದರು. ಧ್ವನಿ ಇನ್ನಷ್ಟು ಜೋರಾಯಿತು. ಕೊನೆಗೆ ಹಿಂದಿನಿಂದ ಅಕ್ಕನೇ ಹೇಳಿದಳು, "ಸಿಟ್ಟೇನೂ ಇಲ್ಲಮ್ಮ, ಚೆನ್ನಾಗಿದ್ದೀನಿ. ಮುಂದಿನ ತಿಂಗಳು ಬಂದು ನಾಲ್ಕು ದಿನ ಇದ್ದು ಹೋಗು." ಆ ಕಡೆಯಿಂದ "ಅಯ್ಯ, ವೈನಿ! ಆರಾಮ್ ಅದೀರಿ?" ಎಂದು ಇನ್ನೇನೋ ತಡವರಿಸಿ ಫೋನ್ ಇಟ್ಟಾಯಿತು. ಭಾವನ ಕಿವಿಗಳು ಕೆಂಪಗಾಗಿದ್ದವು. ಅಕ್ಕ ಹೊರಗೆ ನೋಡುತ್ತಿದ್ದಳು. ಅಲ್ಲಿಯವರೆಗೆ ಇವೆಲ್ಲ ಯಾರಿಗಾಗಿ ಎಂದು ಅವಳಿಗೆ ಅಂದಾಜಿತ್ತೋ ಇಲ್ಲವೋ ನನಗೆ ತಿಳಿಯದು. ಆ ದಿನದಿಂದ ಗೊತ್ತಿತ್ತು. ಆದರೂ ಹಾಡಲಿಲ್ಲ. ಹಟವೆನ್ನುವುದು ಹಾಗೆಯೇ, ಹಿಡಿದವರಿಗೇ ಬಿಡುವ ದಾರಿ ತಿಳಿಯುವುದಿಲ್ಲ.

ಭಾವನ ತಂಗಿ ಹೇಳಿದಂತೆ ಬಂದರು, ಇದ್ದರು, ಅತ್ತಿಗೆಯ ಕೈರುಚಿ ಹೊಗಳಿದರು. ಹೊರಡುವ ದಿನ ಅವರನ್ನು ಕಾಚಿಗೂಡದಲ್ಲಿ ರೈಲು ಹತ್ತಿಸಿ ನಾವು ಮೂವರೂ ಹಿಂದಿರುಗುತ್ತಿದ್ದೆವು. ಇಳಿ ಮಧ್ಯಾಹ್ನ. ಎಂದಿನ ಹಾಗೆ ಭಾವನ ಪಕ್ಕದಲ್ಲಿ ನಾನು, ಹಿಂದೆ ಅಕ್ಕ. ಫ್ಲೈಓವರಿನ ಏರಿನಲ್ಲಿ ಅರ್ಧಕ್ಕೆ ಬಂದಾಗ ಮುಂದೆ ಎಲ್ಲವೂ ನಿಂತುಹೋಯಿತು. ಅದೇ ಗಳಿಗೆಗೆ ಹಾಡೂ ನಿಂತಿತು. ತಂಗಿ ಪ್ಲ್ಯಾಟ್‌ಫಾರ್ಮಿನಲ್ಲಿ ಅಣ್ಣನ ಮೊಬೈಲಿನಿಂದಲೇ ಬಂಧುಬಳಗಕ್ಕೆಲ್ಲ ಫೋನು ಹಚ್ಚಿ ಬ್ಯಾಟರಿ ಬರಿದು ಮಾಡಿದ್ದರು. ಸ್ಟೀರಿಯೋದ ಹೆಂಗಸು "ಡಿಸ್‌ಕನೆಕ್ಟೆಡ್" ಎಂದು ಹೇಳಿ ಸುಮ್ಮನಾದಳು. ನಾನು ಗಡಿಬಿಡಿಯಿಂದ ಭಾವನ ಮೊಬೈಲನ್ನು ಚಾರ್ಜಿಗೆ ಸಿಕ್ಕಿಸಿದೆ.

ಏರಿನಲ್ಲಿ ನಿಂತ ಕಾರನ್ನು ಮತ್ತೆ ಎತ್ತುವುದೆಂದರೆ ಭಾವನಿಗೆ ಮೊದಲಿನಿಂದಲೂ ಗಂಡಾಂತರ. ಮುಂದಿನ ಗಾಡಿ ಸರಿಯಿತು. ಭಾವ ಬ್ರೇಕಿನಿಂದ ಕಾಲೆತ್ತಿದರು. ಕಾರು ಹಿಂದಕ್ಕೆ ಜಾರಿತು. ಹಿಂದೆ ನಿಂತಿದ್ದ ನೀರಿನ ಟ್ಯಾಂಕರಿನವನು ಹಾರ್ನಿನ ಮೇಲೆ ಕೈಯಿಟ್ಟು, ಹಿಂದಕ್ಕೇಕೆ ಬರುತ್ತೀಯಣ್ಣಾ ಎಂದು ತೆಲುಗಿನಲ್ಲಿ ಕೂಗಿದ: "ಎನ್ಕಕು ವಸ್ತುನ್ನವ್ ಏಂದನ್ನಾ!" ಭಾವ ಬ್ರೇಕು ಒತ್ತಿದರು. ಇಂಜಿನ್ ಆಫ್ ಆಯಿತು. ಮತ್ತೆ ಸ್ಟಾರ್ಟ್ ಮಾಡಿದರು, ಮತ್ತೆ ಜಾರಿತು, ಮತ್ತೆ ಆಫ್. ಹಿಂದೆ ಹಾರ್ನುಗಳ ಮೇಳ. ಭಾವನ ಕೈಗಳನ್ನು ನೋಡಿದೆ. ಕೀಲಿ ಹಿಡಿಯಲಾಗದಷ್ಟು ನಡುಗುತ್ತಿದ್ದವು. ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಇಷ್ಟು ದಿನ ನಗುತ್ತಲೇ ನೋಡಿದ್ದ ಆ ಮನುಷ್ಯನನ್ನು ನೋಡಿ ಮೊದಲ ಸಲ ನನಗೆ ಭಯವಾಯಿತು, ಅಯ್ಯೋ ಅನ್ನಿಸಿತು. "ನಾನು ಇಳಿದು ಚಕ್ರಕ್ಕೆ ಕಲ್ಲು ಕೊಡಲಾ ಭಾವ?" ಎಂದೆ. ಅವರಿಗೆ ಕೇಳಿಸಲೇ ಇಲ್ಲ.

ಆಗ ಹಿಂದಿನ ಸೀಟಿನಿಂದ ಅಕ್ಕನ ಧ್ವನಿ ಬಂತು.

ಮಾತಲ್ಲ. ಹಾಡು. ಚಿಕ್ಕವರಿದ್ದಾಗ ಅಮ್ಮ ನಮ್ಮ ತಲೆ ಬಾಚುತ್ತ ಹೇಳುತ್ತಿದ್ದ ಹಾಡು. ಬಹಳ ತಗ್ಗಿದ ದನಿ, ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತ ಹೇಳಿಕೊಂಡಷ್ಟೇ ಸಲೀಸು. ಕನ್ನಡಿಯಲ್ಲಿ ನೋಡಿದರೆ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು, ಈ ಹಾಡಿಗೂ ತನಗೂ ಸಂಬಂಧವೇ ಇಲ್ಲವೆಂಬಂತೆ. ಭಾವ ತಿರುಗಿ ನೋಡಲಿಲ್ಲ. ಒಂದು ಸಲ ಉದ್ದಕ್ಕೆ ಉಸಿರೆಳೆದರು. ಹ್ಯಾಂಡ್‌ಬ್ರೇಕು ಎಳೆದು, ಕೀಲಿ ತಿರುಗಿಸಿ, ಕ್ಲಚ್ಚನ್ನು ಮೆಲ್ಲಗೆ ಬಿಟ್ಟರು. ಕಾರು ಒಂದು ಕ್ಷಣ ನಿಂತಲ್ಲೇ ಯೋಚಿಸಿ, ಆಮೇಲೆ ಏರನ್ನು ಹತ್ತಿತು.

ಇಳಿಜಾರಿನಲ್ಲಿ ಬರುವಾಗ ಮೊಬೈಲಿಗೆ ಜೀವ ಬಂದು ಸ್ಟೀರಿಯೋದ ಹೆಂಗಸು "ಕನೆಕ್ಟೆಡ್" ಎಂದಳು. ಮದುವೆಯ ಬ್ಯಾಂಡು ಶುರುವಾಗುವುದರಲ್ಲಿತ್ತು. ಇಷ್ಟು ಕಾಲ ಆ ಡಬ್ಬಿಯನ್ನು ಮಗುವಿನ ಹಾಗೆ ಒರೆಸಿ ಇಟ್ಟುಕೊಂಡಿದ್ದ ಭಾವ ಅದರ ನೆತ್ತಿಗೊಂದು ಏಟು ಕೊಟ್ಟು ಬಾಯಿ ಮುಚ್ಚಿಸಿದರು. ಅಕ್ಕನ ಹಾಡು ನಿಲ್ಲಲಿಲ್ಲ. ಒಂದು ಮುಗಿದರೆ ಇನ್ನೊಂದು. ಎಷ್ಟು ತಿಂಗಳದ್ದು ಕೂಡಿಟ್ಟಿದ್ದಳೋ!

ಕೂಕಟ್‌ಪಲ್ಲಿ ಬಂತು. ನಮ್ಮ ಮನೆಯ ತಿರುವು ಬಂತು. ಭಾವ ತಿರುಗಿಸಲಿಲ್ಲ. ನಾನು ಹೇಳಲೆಂದು ಬಾಯಿ ತೆರೆದೆ, ಅವರ ಮುಖ ನೋಡಿ ಮುಚ್ಚಿದೆ. ಕಾರು ಹಾಗೆಯೇ ನೇರ ಹೋಯಿತು. ಮನೆ ಹಿಂದಾಯಿತು, ಗುರುತಿನ ಅಂಗಡಿಗಳೆಲ್ಲ ಹಿಂದಾದವು. ಲಿಂಗಂಪಲ್ಲಿ ಸ್ಟೇಷನ್ನಿನ ಹತ್ತಿರ ಬಂದಾಗ ಅಕ್ಕ ಹಾಡು ನಿಲ್ಲಿಸಿ ಸುತ್ತ ನೋಡಿದಳು.

"ರೀ, ಇದು ಲಿಂಗಂಪಲ್ಲಿ ಅಲ್ವಾ? ಮನೆ ದಾಟಿ ಬಂದುಬಿಟ್ರಲ್ಲ!"

ಭಾವ ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದರು. ಸ್ಟೀರಿಂಗಿನ ಮೇಲೆ ಎರಡೂ ಕೈ ಇದ್ದವು. ಒಂದು ಬೆರಳೂ ಅಲುಗುತ್ತಿರಲಿಲ್ಲ. "ನೀ ಹಾಡಾಕತ್ತಿದ್ದಿ," ಎಂದರು. "ಮನಿ ಬಂದ್ರ ನಿಲ್ಲಸತಿದ್ದಿ."

ಈ ಸಲ ಅಕ್ಕ 'ಇರಲಿ ಬಿಡಿ' ಎನ್ನಲಿಲ್ಲ. ಬಾಗಿಲು ತೆಗೆದು ಇಳಿದಳು, ಸುತ್ತು ಹಾಕಿ ಬಂದು ನನ್ನ ಕಡೆಯ ಬಾಗಿಲು ತೆಗೆದಳು. ಕಣ್ಣು ಒದ್ದೆಯಾಗಿತ್ತು, ದನಿ ಮಾತ್ರ ಗದರುವ ಅಕ್ಕನದೇ.

"ಏಳೋ. ಹಿಂದೆ ಹೋಗು."

ಹಿಂದೆ ಹೋಗಿ ಕೂತೆ. ಭಾವ ಕಾರು ತಿರುಗಿಸಿದರು. ಅಕ್ಕ ಬಿಟ್ಟ ಸಾಲಿನಿಂದಲೇ ಮತ್ತೆ ಶುರು ಮಾಡಿದಳು. ದಾರಿಯಲ್ಲಿ ಆಟೋಗಳು ನುಗ್ಗಿದವು, ಬಸ್ಸು ಅಡ್ಡ ಬಂತು, ಒಂದು ಎಮ್ಮೆ ರಸ್ತೆಯ ನಡುವೆ ನಿಂತು ನಮ್ಮನ್ನೇ ನೋಡಿತು. ಭಾವ ಅದು ತಾನಾಗಿ ಸರಿಯುವವರೆಗೂ ಕಾದರು. ಕೂಕಟ್‌ಪಲ್ಲಿ ತಲುಪುವವರೆಗೆ ಆ ಮನುಷ್ಯ ಒಂದೇ ಒಂದು ಸಲವೂ ಹಾರ್ನ್ ಹೊಡೆಯಲಿಲ್ಲ.